ಕರಿಜಡೆ ಕಂಡ ನಮ್ಮ ಭಾವ

ನಮ್ಮ ಭಾವ ಪತ್ರಕರ್ತ. ಮನೆಯಲ್ಲೂ ಪತ್ರಕರ್ತರೇ. ಸ್ನಾನಕ್ಕೆ ಹೋಗುವಾಗ ಮಾತ್ರ ಕೊರಳಿನ ಗುರುತಿನ ಚೀಟಿ ತೆಗೆದು ಬಚ್ಚಲಮನೆ ಬಾಗಿಲ ಚಿಲಕಕ್ಕೆ ತೂಗುಹಾಕುತ್ತಾರೆ. ಒಳಗೆ ಇರುವವರು ಯಾರು ಅಂತ ಹೆಂಡತಿಗೆ ಗೊತ್ತಾಗಬೇಡವೇ?

ನಾನು ಲಿಫ್ಟ್ ರಿಪೇರಿಯವನು. ಏಳನೇ ಕ್ಲಾಸಿಗೆ ಓದು ಮುಗಿಯಿತು. ಅಕ್ಕನನ್ನು ಭಾವನಿಗೆ ಕೊಟ್ಟಾಗ ನಮ್ಮಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು, "ಅಳಿಯ ಪೇಪರ್‌ನವನು" ಅಂತ. ಬೀದಿಯವರು ಪೇಪರ್ ಹಾಕುವವನು ಅಂದುಕೊಂಡರು. ಆಮೇಲೆ ನಿಜ ತಿಳಿದಾಗ, "ಅಯ್ಯೋ, ಬರೆಯೋನಾ?" ಅಂತ ಸುಮ್ಮನಾದರು.

ಭಾವನದು ಸಂಜೆ ಪತ್ರಿಕೆ. ಎಂಟು ಪುಟ. ಏಳನೇ ಪುಟದ ಕೆಳಗಿನ ಮೂಲೆ ಭಾವನಿಗೆ ಸೇರಿದ್ದು. ನಾಳೆ ಯಾವ ಬೀದಿಗೆ ನೀರು ಬರುವುದಿಲ್ಲ, ಯಾವ ರಸ್ತೆ ಅಗೆದಿದ್ದಾರೆ, ಎಲ್ಲಿ ಕರೆಂಟ್ ತೆಗೆಯುತ್ತಾರೆ. ಇಪ್ಪತ್ತೆರಡು ವರ್ಷ ಇದನ್ನೇ ಬರೆದರು. ಕೆಳಗೆ ಹೆಸರು ಇರುತ್ತಿರಲಿಲ್ಲ. ಆಫೀಸಿನಲ್ಲಿ ಭಾವನ ಹೆಸರೇ 'ಏಳನೇ ಪುಟ'. "ಏಳನೇ ಪುಟ ಬಂತಾ?" "ಇಲ್ಲ, ಏಳನೇ ಪುಟ ಊಟಕ್ಕೆ ಹೋಗಿದೆ."

ನನ್ನನ್ನು ಕೇಳಿದರೆ ಅದು ಒಳ್ಳೆಯ ಕೆಲಸ. ಅಕ್ಕನ ಬೀದಿಯವರು ಆ ಮೂಲೆ ನೋಡಿಯೇ ಬಕೆಟ್ ತುಂಬಿಸಿಡುತ್ತಿದ್ದರು. ಆದರೆ ಭಾವನಿಗೆ ಅದು ಅವಮಾನ. ಮೊದಲ ಪುಟದವರು ಎದುರಿಗೆ ಬಂದರೆ ಎದ್ದು ನಿಲ್ಲುತ್ತಿದ್ದರಂತೆ. ಅವರು ದಾಟಿಹೋದ ಮೇಲೆ ಕೂತು ಬೈಯುತ್ತಿದ್ದರಂತೆ. ಎರಡನ್ನೂ ಅಕ್ಕನಿಗೆ ಹೇಳಿದ್ದು ಭಾವನೇ.

ಹೀಗಿರುವಾಗ ಭಾವನ ಫೋನಿಗೆ ಒಂದು ವಿಡಿಯೋ ಬಂತು. ಯಾರೋ ಓದುಗ ಕಳಿಸಿದ್ದು. ಐವತ್ತು ಸೆಕೆಂಡಿನದು. ಮಬ್ಬು ಬೆಳಕು. ಮೇಲಿನಿಂದ ಕಪ್ಪಗೆ, ಮಿರಮಿರ ಮಿನುಗುವ ಒಂದು ಜಡೆ ಇಳಿಬಿದ್ದಿದೆ. ಒಂದು ಕೈ ಬರುತ್ತದೆ. ಕೈಯಲ್ಲಿ ಬಿಳಿ ಬಟ್ಟೆ. ಜಡೆಯನ್ನು ಬಟ್ಟೆಯಿಂದ ಹಿಡಿದು ಮೇಲಿಂದ ಕೆಳಕ್ಕೆ ನಿಧಾನ ಸವರುತ್ತದೆ. ಸವರಿದ ಮೇಲೆ ಜಡೆಯಲ್ಲಿ ಅಲ್ಲಲ್ಲಿ ಬಿಳಿ ಎಳೆಗಳು ಕಾಣುತ್ತವೆ. ಆಮೇಲೆ ಆ ಕೈ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆಯುತ್ತದೆ. ಟಣ್, ಟಣ್, ಟಣ್ ಅಂತ ಮೂರು ಸಲ ಕಬ್ಬಿಣ ಬಡಿದ ಸದ್ದು. ಮುಗಿಯಿತು. ಮಾತಿಲ್ಲ. ಮುಖವಿಲ್ಲ. ಮೇಲೆ ಹೆಸರಿನ ಜಾಗದಲ್ಲಿ ತಾರೀಖು ಮಾತ್ರ. ಹುಡುಕಿದರೆ ಅಂಥವೇ ಇನ್ನೂ ಐದು ಇದ್ದವು. ವಾರಕ್ಕೊಂದು. ಗೋಡೆಯ ಅಂಕಿ ಮೂರರಿಂದ ಶುರುವಾಗಿ ಏಳಕ್ಕೆ ಬಂದಿತ್ತು. ನೋಡಿದವರು ಎಲ್ಲಾ ಸೇರಿ ಹನ್ನೊಂದು ಜನ.

ಅವತ್ತು ಯಾವುದೋ ಬೀದಿಯ ನೀರಿನ ಸುದ್ದಿ ಬರಲಿಲ್ಲ. ಭಾವನ ಮೂಲೆಯಲ್ಲಿ ನಾಲ್ಕು ಬೆರಳು ಜಾಗ ಖಾಲಿ ಉಳಿಯಿತು. ಅಲ್ಲಿಗೆ ಇದನ್ನು ತುರುಕಿದರು. 'ಈ ಕೈ ಯಾರದು?' ಅಂತ ತಲೆಬರಹ. 'ಕತ್ತಲ ಕೋಣೆಯಲ್ಲಿ ತೂಗುತ್ತಿರುವ ಆ ಕರಿಜಡೆ ಯಾವ ನತದೃಷ್ಟೆಯದು? ವಾರವಾರಕ್ಕೂ ಅದರಲ್ಲಿ ನರೆಗೂದಲು ಹೆಚ್ಚುತ್ತಿರುವುದೇಕೆ? ಗೋಡೆಯ ಅಂಕಿ ಯಾರ ಆಯಸ್ಸಿನ ಲೆಕ್ಕ?' ಹೀಗೆ. ನೀರು ಬಿಡುವ ಸುದ್ದಿಯಲ್ಲಿ ಇಪ್ಪತ್ತೆರಡು ವರ್ಷ ಒಂದು ಪ್ರಶ್ನೆಯನ್ನೂ ಕೇಳದ ಮನುಷ್ಯ, ನಾಲ್ಕು ಬೆರಳು ಜಾಗದಲ್ಲಿ ಒಂಬತ್ತು ಪ್ರಶ್ನೆ ಕೇಳಿದ್ದರು. ಉತ್ತರ ಒಂದೂ ಇರಲಿಲ್ಲ. ಅದಕ್ಕೇ ಜನರಿಗೆ ಹಿಡಿಸಿತು.

ಮಾರನೇ ವಾರ ನೋಡಿದವರು ಸಾವಿರ. ಅದರ ಮಾರನೇ ವಾರ ಹದಿನಾರು ಸಾವಿರ. ಸಂಪಾದಕರು ಭಾವನನ್ನು ಕರೆದು ಕುರ್ಚಿ ತೋರಿಸಿದರಂತೆ. ಆ ಕೋಣೆಯಲ್ಲಿ ಭಾವ ಕೂತದ್ದು ಅದೇ ಮೊದಲು. ಅಲ್ಲಿಂದ 'ಕರಿಜಡೆ' ಏಳನೇ ಪುಟದಿಂದ ಐದಕ್ಕೆ, ಐದರಿಂದ ಮೂರಕ್ಕೆ ಹತ್ತಿತು. ಭಾವ ಒಬ್ಬ ಗಣಿತದ ಮೇಷ್ಟ್ರನ್ನು ಹಿಡಿದು ತಂದರು. ಮೂರು, ನಾಲ್ಕು, ನಾಲ್ಕು, ಐದು, ಆರು, ಏಳು ಅನ್ನುವುದು ಗ್ರಹಗಳ ನಡಿಗೆಯ ಲೆಕ್ಕ ಅಂತ ಮೇಷ್ಟ್ರು ಹೇಳಿದರು. ನಿವೃತ್ತ ಪೊಲೀಸಿನವರೊಬ್ಬರು, "ಇದು ಪಳಗಿದ ಕೈ. ಮೊದಲೂ ಮಾಡಿದೆ, ಮುಂದೆಯೂ ಮಾಡುತ್ತದೆ" ಅಂದರು. ಏನು ಮಾಡಿದೆ ಅಂತ ಭಾವ ಕೇಳಲಿಲ್ಲ. ಅವರೂ ಹೇಳಲಿಲ್ಲ. ಮನಸ್ಸಿನ ಡಾಕ್ಟರೊಬ್ಬರು ತಾಯಿಯನ್ನು ಕಳೆದುಕೊಂಡ ಮಗನ ಕೆಲಸ ಅಂದರು. ಎಲ್ಲರ ಫೋಟೋನೂ ಬಂತು. ಲೇಖನದ ಕೆಳಗೆ ಮೊದಲ ಸಲ ಭಾವನ ಹೆಸರೂ ಬಂತು. ಅಕ್ಕ ಆ ಪೇಪರನ್ನು ಅಕ್ಕಿ ಡಬ್ಬದ ಅಡಿಗೆ ಹಾಸಲಿಲ್ಲ. ಬೀರುವಿನಲ್ಲಿಟ್ಟಳು.

ನಾನು ಇದ್ಯಾವುದನ್ನೂ ನೋಡಿರಲಿಲ್ಲ. ನನ್ನ ಫೋನು ಬರೀ ಮಾತಾಡುವ ಫೋನು. ಭಾವ ಭೂತದ ಕತೆ ಬರೆಯುತ್ತಿದ್ದಾರೆ ಅಂತ ಅಷ್ಟೇ ಕೇಳಿದ್ದೆ.

ಬುಧವಾರ ಭಾವನಿಗೆ ರಜೆ. ಅವತ್ತು ಅಕ್ಕ ಊಟಕ್ಕೆ ಕರೆದಳು. ಕೈ ತೊಳೆದು ಬರುವಷ್ಟರಲ್ಲಿ ಭಾವ ಫೋನು ಹಿಡಿದು ನಿಂತಿದ್ದರು.

"ಬಾರೋ, ಹದಿನೈದನೇ ಕಂತು ನೋಡು. ನಾಲ್ಕು ಲಕ್ಷ ಜನ ನೋಡಿದಾರೆ. ಮೈ ಜುಮ್ ಅನ್ನುತ್ತೆ."

ನೋಡಿದೆ. ನನಗೂ ಮೈ ಜುಮ್ ಅಂದಿತು. ಅವರಿಗೆ ಅಂದ ಕಾರಣಕ್ಕಲ್ಲ.

"ಭಾವ, ಇದು ಲಿಫ್ಟ್ ಹಗ್ಗ."

"ಏನು?"

"ಲಿಫ್ಟ್ ಹಗ್ಗ. ಉಕ್ಕಿನ ತಂತಿ ಹೆಣೆದು ಮಾಡಿರೋದು. ಗ್ರೀಸ್ ಹತ್ತಿ ಕಪ್ಪಾಗಿದೆ."

ಭಾವ ನಕ್ಕರು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ. ನಿನಗೆ ಜಡೆ ಕಂಡ್ರೂ ಲಿಫ್ಟು. ಹಾಗಾದ್ರೆ ಆ ಬಿಳೀ ಕೂದಲು?"

"ಹತ್ತಿ ಎಳೆ. ಹಗ್ಗದಲ್ಲಿ ಎಲ್ಲಾದ್ರೂ ತಂತಿ ಮುರಿದಿದ್ರೆ ಕಣ್ಣಿಗೆ ಕಾಣಲ್ಲ. ಹತ್ತಿ ಬಟ್ಟೆ ಹಿಡಿದು ಸವರಬೇಕು. ಮುರಿದ ಮೊನೆಗೆ ಬಟ್ಟೆ ಸಿಕ್ಕಿಕೊಂಡು ಎಳೆ ಉಳಿಯುತ್ತೆ. ಆ ಎಳೆ ಎಣಿಸೋದು."

"ಗೋಡೆ ಮೇಲಿನ ನಂಬರು?"

"ಎಣಿಸಿದ್ದು. ಒಂದು ಗೇಣು ಹಗ್ಗದಲ್ಲಿ ಎಷ್ಟು ತಂತಿ ಮುರಿದಿದೆ ಅಂತ."

"ಮೂರು ಸಲ ಬಡಿಯೋದು?"

"ಹಗ್ಗದಿಂದ ಕೈ ತೆಗೆದೆ, ಇನ್ನು ಕರೆಂಟ್ ಹಾಕು ಅಂತ ಜೊತೆಯವನಿಗೆ ಹೇಳೋದು. ನಾವೆಲ್ಲ ಹಾಗೇ ಬಡಿಯೋದು."

ಅಕ್ಕ ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಕೇಳಿದಳು, "ರೀ, ಗಣಿತದ ಮೇಷ್ಟ್ರು ಗ್ರಹಗಳ ಲೆಕ್ಕ ಅಂದಿದ್ರಲ್ಲ?"

"ನೀನು ಸುಮ್ಮನಿರೇ."

ನಾನು ಇನ್ನೊಂದು ಸಲ ಹಾಕಿಸಿ ನೋಡಿದೆ. ಈ ಸಲ ಹಗ್ಗ ನೋಡಲಿಲ್ಲ, ಕೈ ನೋಡಿದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಹೆಬ್ಬೆರಳು ಒಳಗೆ ಮಡಚಿ ಹಿಡಿದಿತ್ತು. ಹಾಗೆ ಹಿಡಿಯುವವರನ್ನು ನಾನು ಕಂಡಿದ್ದು ಒಬ್ಬರನ್ನೇ. ಚಿಂದಿ ಮೇಸ್ತ್ರಿ. ಜೇಬಿನಲ್ಲಿ ಯಾವಾಗಲೂ ಹತ್ತಿ ಚಿಂದಿ ಇರುತ್ತಿದ್ದುದರಿಂದ ಆ ಹೆಸರು. ಹನ್ನೊಂದು ವರ್ಷ ಅವರ ಕೈ ಕೆಳಗೆ ಕೆಲಸ ಕಲಿತವನು ನಾನು. ಕಂಪನಿ ಅವರಿಗೆ ವಯಸ್ಸಾಯಿತು ಅಂತ ಬಿಡಿಸಿದ ಮೇಲೆ ಮೂರು ವರ್ಷದಿಂದ ಎಲ್ಲಿದ್ದಾರೆ ಅಂತ ನಾನು ಕೇಳಿರಲಿಲ್ಲ. ಅದು ನನ್ನ ತಪ್ಪು.

ಗೋಡೆಯ ಮೇಲೆ ಹದಿನಾಲ್ಕು ಅಂತ ಇತ್ತು. ಮೇಸ್ತ್ರಿ ನನಗೆ ಹೇಳಿಕೊಟ್ಟ ಲೆಕ್ಕ ಒಂದೇ: ಗೇಣಿಗೆ ಹದಿನಾರು ದಾಟಿದರೆ ಲಿಫ್ಟ್ ನಿಲ್ಲಿಸು, ಯಾರು ಬೈದರೂ ನಿಲ್ಲಿಸು.

"ಭಾವ, ಇದು ಯಾವ ಕಟ್ಟಡದ್ದೋ ಗೊತ್ತಾಗಬೇಕು. ನಾಳೆ ಪೇಪರಲ್ಲಿ ಹಾಕಿ. ಇದು ಲಿಫ್ಟ್ ಹಗ್ಗ, ಸವೆದುಹೋಗಿದೆ ಅಂತ. ಜನ ಹತ್ತಿಳಿಯೋ ಲಿಫ್ಟು."

"ನಾಳೆ?" ಭಾವನ ದನಿ ಸಣ್ಣದಾಯಿತು. "ನಾಳೆ ಮೊದಲನೇ ಪುಟ ಕಣೋ. ಹದಿನಾರನೇ ಕಂತು. ಆಫೀಸಿನಲ್ಲಿ ದೊಡ್ಡ ಪರದೆ ಹಾಕಿದಾರೆ. ಮೇಷ್ಟ್ರು, ಡಾಕ್ಟ್ರು, ಪೊಲೀಸಿನವರು, ನಮ್ಮ ಆಫೀಸ್ ಕಟ್ಟಡದ ಓನರ್ ಎಲ್ಲಾ ಬರ್ತಾರೆ. ಸಂಪಾದಕರು ನನ್ನ ಫೋಟೋ ಕೇಳಿದಾರೆ. ಈಗ ಹೋಗಿ ಹಗ್ಗ ಅನ್ನಲಾ?"

"ಹಗ್ಗಕ್ಕೆ ಹಗ್ಗ ಅನ್ನದೆ ಏನಂತಾರೆ?"

"ನಿನಗೆ ಗೊತ್ತಾಗಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ಮನೆ ನಲ್ಲಿ ಬಗ್ಗೆ ಬರೆದಿದೀನಿ."

ಅದಕ್ಕೆ ಉತ್ತರ ಕೊಟ್ಟದ್ದು ಅಕ್ಕ. "ಬರೀರಿ, ಬರೀರಿ. ಪ್ರತಿ ಗುರುವಾರ ಮಂಡಿ ನೋವು ಅಂತ ಎಣ್ಣೆ ಹಚ್ಚಿಸಿಕೊಳ್ಳೋಕೆ ಬರ್ತೀರಲ್ಲ, ಆಗ ಆ ಫೋಟೋನೇ ತಿಕ್ಕಿಕೊಳ್ಳಿ."

"ಗುರುವಾರ ಯಾಕೆ ಮಂಡಿ ನೋವು?" ಅಂತ ನಾನು ಕೇಳಿದೆ.

"ನಮ್ಮ ಆಫೀಸಿನ ದರಿದ್ರ ಲಿಫ್ಟು," ಅಂದರು ಭಾವ. "ಗುರುವಾರ ಬಂತಂದ್ರೆ ಎರಡು ಗಂಟೆಗೆ ಸರಿಯಾಗಿ ನಿಂತುಹೋಗುತ್ತೆ. ಕಾಲು ಗಂಟೆ. ಊಟ ಮುಗಿಸಿ ಬಂದು ಆರು ಮಹಡಿ ಹತ್ತಬೇಕು."

"ವಿಡಿಯೋ ಎಷ್ಟು ಹೊತ್ತಿಗೆ ಬರುತ್ತೆ?"

"ಗುರುವಾರ ಎರಡೂವರೆಗೆ. ಒಂದು ಸಲಾನೂ ತಪ್ಪಿಲ್ಲ. ಅದನ್ನ ಕಂಡುಹಿಡಿದದ್ದೇ ನಾನು, ಎರಡನೇ ವಾರವೇ ಬರೆದೆ."

ನಾನು ಭಾವನ ಮುಖ ನೋಡಿದೆ. ಅಕ್ಕ ಭಾವನ ಮುಖ ನೋಡಿದಳು. ಭಾವ ಸೌಟಿನ ಕಡೆ ನೋಡುತ್ತಿದ್ದರು. ಸುದ್ದಿ ಹುಡುಕುವ ಮನುಷ್ಯ ಹತ್ತು ವಾರ ಏದುಸಿರು ಬಿಡುತ್ತ ಆರು ಮಹಡಿ ಹತ್ತಿ ಹೋಗಿ, ಕುರ್ಚಿಯಲ್ಲಿ ಕೂತು, ಅದೇ ಲಿಫ್ಟಿನ ಹಗ್ಗ ನೋಡಿ ಬೆರಗಾಗಿದ್ದರು.

"ಸುಮ್ಮನೆ ಏನೇನೋ ಸೇರಿಸಬೇಡ," ಅಂದರು ಭಾವ. "ಊರಲ್ಲಿ ಲಿಫ್ಟು ಅದೊಂದೇನಾ?"

ಮಾರನೇ ದಿನ ಕಂಪನಿಗೆ ರಜೆ ಹೇಳಿ ಭಾವನ ಆಫೀಸಿನ ಕಟ್ಟಡಕ್ಕೆ ಹೋದೆ. ಒಂದು ಗಂಟೆ ಆಗಿತ್ತು. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಮೇಸ್ತ್ರಿ. ಕಾವಲುಗಾರನ ಅಂಗಿ ಮೈಮೇಲೆ ಜೋಲುತ್ತಿತ್ತು. ಜೇಬಿನಿಂದ ಬಿಳಿ ಚಿಂದಿ ಇಣುಕುತ್ತಿತ್ತು.

"ಏನೋ, ದಾರಿ ತಪ್ಪಿ ಬಂದ್ಯಾ?"

"ಇಲ್ಲ ಮೇಸ್ತ್ರಿ. ನಿಮ್ಮ ವಿಡಿಯೋ ನೋಡಿ ಬಂದೆ."

"ಓನರ್ ಕಳಿಸಿದ್ನಾ?" ಅಂತ ಎದ್ದೇಬಿಟ್ಟರು.

ಅವರಿಗೆ ಏನೂ ಗೊತ್ತಿರಲಿಲ್ಲ. ಕೂರಿಸಿ ಕೇಳಿದೆ. ನಮ್ಮ ಕಂಪನಿಯಿಂದ ಬಿಡಿಸಿದ ಮೇಲೆ ಇಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತ್ತು. ಕೆಳಗೆ ಕೂತರೂ ಅವರ ಕಿವಿ ಮೇಲೇ ಇತ್ತು. ಲಿಫ್ಟಿನ ಸದ್ದು ಸರಿಯಿಲ್ಲ ಅನ್ನಿಸಿ ಮೆಷಿನ್ ರೂಮಿಗೆ ಹೋಗಿ ನೋಡಿದರೆ, ಮುರಿದ ತಂತಿ ಮೂರು. ಓನರ್‌ಗೆ ಹೇಳಿದರು. "ನಿನ್ನ ಕೆಲಸ ಗೇಟು, ಗೇಟು ನೋಡು. ಏನಿದ್ದರೂ ಬರೆದುಕೊಡು" ಅಂದನಂತೆ. ಮೇಸ್ತ್ರಿಗೆ ಅಂಕಿ ಬರುತ್ತದೆ, ತಾರೀಖು ಬರುತ್ತದೆ. ಅರ್ಜಿ ಬರೆಯಲು ಬರುವುದಿಲ್ಲ. ಮೊಬೈಲ್ ಅಂಗಡಿಯವನನ್ನು ಕೇಳಿದರು. "ವಿಡಿಯೋ ಮಾಡಿ ನೆಟ್ಟಿಗೆ ಹಾಕಿ, ಅದರ ಲಿಂಕು ಅವರ ಫೋನಿಗೆ ಹೋಗುತ್ತೆ" ಅಂತ ಅವನು ಗುಂಡಿ ತೋರಿಸಿಕೊಟ್ಟ.

ಲಿಫ್ಟಿನವರಿಗೆ ಮೆಷಿನ್ ರೂಮಿನಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಅದರಲ್ಲಿ ತಾರೀಖು ಮತ್ತು ಎಣಿಕೆ, ಎರಡೇ ಮನೆ. ಕತೆಗೆ ಜಾಗವಿಲ್ಲ. ಮೇಸ್ತ್ರಿ ವಿಡಿಯೋವನ್ನೂ ರಿಜಿಸ್ಟರ್ ಅಂದುಕೊಂಡಿದ್ದರು. ಅದಕ್ಕೇ ಮಾತಿಲ್ಲ, ಮುಖವಿಲ್ಲ. ಜೊತೆಗೆ ಯಾರೂ ಇಲ್ಲದಿದ್ದರೂ, ಅಭ್ಯಾಸಬಲ, ಕೊನೆಗೆ ಮೂರು ಸಲ ಬಡಿಯುತ್ತಿದ್ದರು.

"ಮೇಸ್ತ್ರಿ, ಅದನ್ನ ನಾಲ್ಕು ಲಕ್ಷ ಜನ ನೋಡಿದಾರೆ."

ಮೇಸ್ತ್ರಿ ನನ್ನನ್ನು ದಿಟ್ಟಿಸಿದರು. "ನಾಲ್ಕು ಲಕ್ಷಾನಾ? ಅದರಲ್ಲಿ ಓನರ್ ಇದಾನಾ?"

"ಗೊತ್ತಿಲ್ಲ."

"ಮತ್ತೆ ಮಿಕ್ಕಿದೋರು ನೋಡಿ ಏನು ಮಾಡಿದ್ರು?"

"ಹೆದರಿಕೊಂಡ್ರು."

"ಹೆದರಿಕೊಂಡು?"

"ಇನ್ನೊಬ್ಬರಿಗೆ ಕಳಿಸಿದ್ರು."

ಮೇಸ್ತ್ರಿ ಚಿಂದಿ ತೆಗೆದು ಮುಖ ಒರೆಸಿಕೊಂಡರು. "ನಡಿ. ಎರಡು ಗಂಟೆ ಆಗ್ತಾ ಬಂತು," ಅಂದರು.

ಲಿಫ್ಟನ್ನು ನೆಲಮಹಡಿಗೆ ತಂದು, ಬಾಗಿಲು ತೆರೆದು, ಒಳಗೆ ಯಾರೂ ಇಲ್ಲ ಅಂತ ನೋಡಿ ನಿಲ್ಲಿಸಿದೆವು. ಮೆಟ್ಟಿಲು ಹತ್ತಿ ತಾರಸಿಯ ಮೆಷಿನ್ ರೂಮಿಗೆ ಹೋಗಿ ಮೇನ್ ಸ್ವಿಚ್ ಇಳಿಸಿದೆವು. ಗೋಡೆ ತುಂಬ ಸೀಮೆಸುಣ್ಣದ ಅಂಕಿ. ನಾಲ್ಕು ಲಕ್ಷ ಜನ ಕಂಡ ಗೋಡೆ ಅದು. ಮೂಲೆಯಲ್ಲಿ ಒಂದು ಪೊರಕೆ, ಎಣ್ಣೆ ಡಬ್ಬ.

ಮೇಸ್ತ್ರಿ ಚಿಂದಿಯನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಹಗ್ಗ ಇದ್ದವು. ನಾಲ್ಕೂ ಒಂದೇ ದಿನ ಹಾಕಿದವು, ಒಂದಕ್ಕೆ ಬಂದದ್ದು ಇನ್ನೊಂದಕ್ಕೂ ಬರುತ್ತದೆ. ಮೇಸ್ತ್ರಿ ಪ್ರತಿ ವಾರ ಎಣಿಸುತ್ತಿದ್ದ ಎರಡನೆಯದನ್ನು ಹಿಡಿದು ಸವರಿದೆ. ಬಟ್ಟೆ ಜಗ್ಗಿತು. ಬಿಟ್ಟಿತು. ಮತ್ತೆ ಜಗ್ಗಿತು. ನಾನು ಎಣಿಸಿದೆ. ಮೇಸ್ತ್ರಿ ಎಣಿಸಿದರು. ಇಬ್ಬರದೂ ಹದಿನೇಳು. ಒಂದೇ ವಾರದಲ್ಲಿ ಮೂರು ಮುರಿದಿದ್ದವು.

ಮೇಸ್ತ್ರಿ ಗೋಡೆಯ ಮೇಲೆ ಹದಿನೇಳು ಬರೆದರು. ಫೋನು ತೆಗೆಯಲಿಲ್ಲ. "ಯಾರಿಗೆ ಅಂತ ಕಳಿಸಲಿ?" ಅಂದರು.

ನಾನು ಚೀಲದಿಂದ ನನ್ನ ಬೀಗ ತೆಗೆದು ಮೇನ್ ಸ್ವಿಚ್ಚಿಗೆ ಹಾಕಿದೆ. ನಮ್ಮ ಕೆಲಸದಲ್ಲಿ ಪ್ರತಿಯೊಬ್ಬನಿಗೂ ಅವನದೇ ಒಂದು ಬೀಗ, ಒಂದೇ ಕೀಲಿ. ಹಾಕಿದವನೇ ತೆಗೆಯಬೇಕು. ಕಂಪನಿಯ ಯಜಮಾನ ಬಂದರೂ ಮುಟ್ಟುವಂತಿಲ್ಲ, ಯಾಕೆಂದರೆ ಬೀಗ ಹಾಕಿದವನ ಕೈ ಆ ಹೊತ್ತಿನಲ್ಲಿ ಹಗ್ಗದ ಮೇಲಿರಬಹುದು. ಬೀಗ ಮೇಸ್ತ್ರಿಯದಾದರೆ ಅವರ ಗೇಟಿನ ಕೆಲಸ ಹೋಗುತ್ತದೆ. ಅದಕ್ಕೆ ನನ್ನದು ಹಾಕಿದೆ.

ಒಂದು ಮಹಡಿ ಇಳಿದರೆ ಭಾವನ ಆಫೀಸು. ದೊಡ್ಡ ಪರದೆ, ಸಾಲು ಕುರ್ಚಿ. ಭಾವ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಪರದೆಯ ಪಕ್ಕ ಮದುವೆ ಗಂಡಿನ ಹಾಗೆ ನಿಂತಿದ್ದರು. ನನ್ನ ಗ್ರೀಸ್ ಕೈ ನೋಡಿ ಓಡಿಬಂದು ಬಾಗಿಲ ಹೊರಗೆ ದಬ್ಬಿದರು.

"ಇವತ್ತೊಂದು ದಿನ ಬಿಟ್ಟುಬಿಡೋ. ನಿನ್ನ ಕಾಲಿಗೆ ಬೀಳ್ತೀನಿ."

"ಬೀಳೋದು ಬೇಡ, ಹತ್ತಿ. ಒಂದು ಮಹಡಿ."

ಕರೆದುಕೊಂಡು ಹೋದೆ. ಬಾಗಿಲಲ್ಲಿ ಭಾವ ನಿಂತುಬಿಟ್ಟರು. ಗೋಡೆ ನೋಡಿದರು. ಮೂರು, ನಾಲ್ಕು, ನಾಲ್ಕು, ಐದು, ಆರು, ಏಳು. ಎಲ್ಲ ಅಲ್ಲೇ ಇದ್ದವು. ಮೇಸ್ತ್ರಿಯನ್ನು ನೋಡಿದರು.

"ಇವನು ನಮ್ಮ ಗೇಟಿನವನಲ್ವಾ?"

"ದಿನಾ ನಮಸ್ಕಾರ ಹೇಳ್ತೀನಲ್ಲ ಸಾರ್," ಅಂದರು ಮೇಸ್ತ್ರಿ. "ನೀವು ಫೋನ್ ನೋಡ್ತಾ ಹೋಗ್ತೀರಿ."

ಚಿಂದಿಯನ್ನು ಭಾವನ ಕೈಗೆ ಕೊಟ್ಟು ಹಗ್ಗ ಹಿಡಿಸಿದೆ. "ಸವರಿ." ಸವರಿದರು. ಬಟ್ಟೆ ಜಗ್ಗಿದಾಗ ಭಾವನ ಕೈ ನಿಂತಿತು. ಮುಂದೆ ಹೋಯಿತು, ಮತ್ತೆ ನಿಂತಿತು. ಬಾಯಲ್ಲಿ ಎಣಿಸುತ್ತಿದ್ದರು. ಹನ್ನೆರಡಕ್ಕೆ ಬರುವಷ್ಟರಲ್ಲಿ ಬೆವೆತುಹೋದರು.

"ಬೆಳಿಗ್ಗೆ ಇದರಲ್ಲೇ ಬಂದೆ," ಅಂದರು.

"ನಾಲ್ಕು ಲಕ್ಷ ಜನಕ್ಕೆ ಹೆದರಿಸಿದ್ರಿ ಭಾವ. ನೀವು ಒಬ್ಬರೇ ಹೆದರಿಕೊಂಡಿರಲಿಲ್ಲ."

ಅದಕ್ಕೆ ಭಾವ ಏನು ಕೇಳಿದರು ಗೊತ್ತೇ? "ಹಗ್ಗ ಹಿಡಿದಿರೋ ಹಾಗೆ ಒಂದು ಫೋಟೋ ತೆಗೀತೀಯಾ?" ಹೆಣದ ಮನೆಯಲ್ಲೂ ಕನ್ನಡಿ ಹುಡುಕುವ ಜಾತಿ. ನಾನು ತೆಗೆಯಲಿಲ್ಲ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಮೊದಲು ಹೊಟ್ಟೆ ಬಂತು, ಹಿಂದೆ ಕಟ್ಟಡದ ಓನರ್ ಬಂದ. ಅವನ ಹಿಂದೆ ಸಂಪಾದಕರು. ಕೆಳಗೆ ಲಿಫ್ಟಿನ ಮುಂದೆ ಎಂಟು ಜನ ಅತಿಥಿಗಳು ನಿಂತಿದ್ದರಂತೆ. ಆ ಲಿಫ್ಟು ಆರು ಜನರದು.

"ಯಾರ್ರೀ ಆಫ್ ಮಾಡಿದ್ದು? ಲೇ ಗೇಟು, ಹಾಕೋ ಸ್ವಿಚ್ಚು."

"ಬೀಗ ನಂದಲ್ಲ ಸಾಹೇಬ್ರೆ," ಅಂದರು ಮೇಸ್ತ್ರಿ. "ಹಾಕಿದೋನೇ ತೆಗೀಬೇಕು."

"ಹಾಕಿದ್ದು ನಾನು," ಅಂದೆ. "ಹಗ್ಗ ಬದಲಾಯಿಸೋ ತನಕ ತೆಗೆಯಲ್ಲ."

"ನೀನ್ಯಾವನೋ? ಹಗ್ಗ ಸರಿಯಿಲ್ಲ ಅಂತ ನನಗೆ ಯಾರಾದ್ರೂ ಬರೆದುಕೊಟ್ಟಿದಾರಾ? ಒಂದು ಚೀಟಿ? ಒಂದು ಸಾಲು?"

"ಹದಿನೈದು ಸಲ ಕಳಿಸಿದೀನಿ ಸಾಹೇಬ್ರೆ. ನಿಮ್ಮ ಫೋನಿಗೆ," ಅಂದರು ಮೇಸ್ತ್ರಿ.

"ನನ್ನ ಫೋನಿಗಾ?" ಓನರ್ ನಗುತ್ತ ಫೋನು ತೆಗೆದ. ತೋರಿಸಿ ಮಾನ ಕಳೆಯಬೇಕು ಅಂತಲೇ ತೆಗೆದದ್ದು. ಬೆರಳಲ್ಲಿ ಕೆಳಗೆ ಕೆಳಗೆ ಎಳೆದ. 'ಗೇಟು' ಅಂತ ಒಂದು ಹೆಸರು ಸಿಕ್ಕಿತು. ಪಕ್ಕದಲ್ಲಿ ಹದಿನೈದು ಅಂತ ಗುಂಡಗೆ ಇತ್ತು. ಒಂದನ್ನೂ ತೆರೆದಿರಲಿಲ್ಲ. ಮೊದಲನೆಯದನ್ನು ಒತ್ತಿದ. ಕಪ್ಪು ಹಗ್ಗ, ಬಿಳಿ ಬಟ್ಟೆ, ಮೂರು, ಟಣ್ ಟಣ್ ಟಣ್.

"ಅರೆ!" ಅಂದ ಓನರ್. ಮುಖ ಅರಳಿಬಿಟ್ಟಿತು. "ಇದು ಕರಿಜಡೆ! ನಾನು ಒಂದೂ ಬಿಟ್ಟಿಲ್ಲ ಕಣ್ರೀ. ಮನೆಯವರೆಲ್ಲ ಕೂತು ನೋಡ್ತೀವಿ. ಇದು ನಿನಗೆಲ್ಲಿ ಸಿಕ್ತೋ?"

ಮೇಸ್ತ್ರಿ ಗೋಡೆಯ ಕಡೆ ಕೈ ತೋರಿಸಿದರು. ಓನರ್ ಗೋಡೆ ನೋಡಿದ, ಹಗ್ಗ ನೋಡಿದ, ಫೋನು ನೋಡಿದ. ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಬುದ್ಧಿ ಬರಲಿಲ್ಲ.

"ಸರಿ, ಸರಿ. ಮುಂದಿನ ವಾರ ನೋಡೋಣ. ಇವತ್ತು ಅತಿಥಿಗಳು ಬಂದಿದಾರೆ. ಹದಿನೈದು ವಾರ ತಡೆದಿದ್ದು ಇನ್ನೊಂದು ವಾರ ತಡೆಯುತ್ತೆ. ತೆಗಿ ಬೀಗ, ಇಲ್ಲ ಒಡೆಸ್ತೀನಿ."

ಸಂಪಾದಕರು ತಲೆಯಾಡಿಸಿದರು. "ಹೌದೌದು. ಇದೂ ಒಳ್ಳೇ ಸ್ಟೋರಿನೇ. ಆದ್ರೆ ಇವತ್ತಲ್ಲ."

ಆಗ ಭಾವ ಮಾತಾಡಿದರು. ಇಪ್ಪತ್ತೆರಡು ವರ್ಷ ಸಂಪಾದಕರ ಎದುರು ಸರಿ ಸಾರ್ ಅಂದ ಬಾಯಿ. ಕೈಯಲ್ಲಿ ಇನ್ನೂ ಚಿಂದಿ ಇತ್ತು. ಕೊರಳಿನ ಗುರುತಿನ ಚೀಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಬೀಗ ಒಡೆಸಿದ್ರೆ, ಒಡೆಸಿದ್ದು ಯಾರು ಅಂತ ಬರೀತೀನಿ. ಹೆಸರು ಹಾಕಿ ಬರೀತೀನಿ. ಸಂಪಾದಕರು ಪೇಪರಲ್ಲಿ ಹಾಕದಿದ್ರೆ ನಾನೇ ನೆಟ್ಟಿಗೆ ಹಾಕ್ತೀನಿ. ನಾಲ್ಕು ಲಕ್ಷ ಜನ ಕಾಯ್ತಾ ಇದಾರೆ ಸಾರ್, ಆ ಕೈ ಯಾರದು ಅಂತ. ನಿಮ್ಮದು ಅಂತ ಹೇಳ್ತೀನಿ."

ಭಾವ ಇಷ್ಟು ವರ್ಷದಲ್ಲಿ ಕೆಲಸಕ್ಕೆ ಬರುವ ಮಾತು ಆಡಿದ್ದು ಅದೊಂದೇ. ಅದೂ ಅರ್ಧ ಸುಳ್ಳು. ಆದರೆ ಓನರ್ ಹೆದರಿದ. ಹಗ್ಗಕ್ಕೆ ಹೆದರದವನು ಹೆಸರಿಗೆ ಹೆದರಿದ. ಅಲ್ಲೇ ನಿಂತು ಹಗ್ಗದವರಿಗೆ ಫೋನು ಮಾಡಿದ.

ಅತಿಥಿಗಳು ಆರು ಮಹಡಿ ಹತ್ತಿ ಬಂದರು. ಗ್ರಹಗಳ ಮೇಷ್ಟ್ರು ನಾಲ್ಕನೇ ಮಹಡಿಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟರು, ಅಲ್ಲಿಂದಲೇ ವಾಪಸ್ಸು. ಪರದೆಯ ಮುಂದೆ ಎಲ್ಲರೂ ಕಾದರು. ಎರಡೂವರೆಗೆ ಏನೂ ಬರಲಿಲ್ಲ. ಪೊಲೀಸಿನವರು, "ನಾನು ಹೇಳಿರಲಿಲ್ವಾ, ಅವನಿಗೆ ನಮ್ಮ ಸುಳಿವು ಸಿಕ್ಕಿದೆ" ಅಂದರಂತೆ.

ಹಗ್ಗ ಬದಲಾಗಲು ಐದು ದಿನ ಹಿಡಿಯಿತು. ನಾಲ್ಕೂ ಹೊಸವು. ನಾನೇ ನಿಂತು ಹಾಕಿಸಿದೆ, ಆಮೇಲೆ ನನ್ನ ಬೀಗ ನಾನೇ ತೆಗೆದೆ. ಮೇಸ್ತ್ರಿ ಇನ್ನೂ ಗೇಟಿನಲ್ಲೇ ಇದ್ದಾರೆ. ಓನರ್ ಅವರನ್ನು ಬಿಡಿಸಲಿಲ್ಲ. ಬಿಡಿಸಿದರೆ ಭಾವ ಬರೆಯುತ್ತಾರೆ ಅಂತ ಭಯ.

ಭಾವ ಬರೆದದ್ದು ಎರಡು ಪುಟ. ಎಲ್ಲ ಬರೆದಿದ್ದರು, ತಮ್ಮ ನರೆಗೂದಲಿನ ದಡ್ಡತನವನ್ನೂ ಸೇರಿಸಿ. ಅಕ್ಕ ಓದಿ ಹೇಳಿದಳು. ಚೆನ್ನಾಗಿತ್ತು, ಪ್ರಶ್ನೆಗಳೇ ಇರಲಿಲ್ಲ. ಸಂಪಾದಕರು ಅದನ್ನು ನಾಲ್ಕು ಸಾಲು ಮಾಡಿ ಏಳನೇ ಪುಟದ ಮೂಲೆಗೆ ಹಾಕಿದರು. 'ಕಟ್ಟಡವೊಂದರ ಲಿಫ್ಟ್ ದುರಸ್ತಿ. ಕರಿಜಡೆ ಎಂಬುದು ಲಿಫ್ಟಿನ ಹಗ್ಗವೆಂದು ತಿಳಿದುಬಂದಿದೆ.' ಓನರ್ ಹೆಸರಿಲ್ಲ, ಮೇಸ್ತ್ರಿ ಹೆಸರಿಲ್ಲ, ಭಾವನ ಹೆಸರೂ ಇಲ್ಲ.

ಭಾವ ಕೊಟ್ಟ ಮಾತಿನಂತೆ ಉಳಿದದ್ದನ್ನು ತಾವೇ ಫೋನಿನಿಂದ ನೆಟ್ಟಿಗೆ ಹಾಕಿದರು. ಓದಿದವರು ಮುನ್ನೂರು. ಕೆಳಗೆ ಬೈಗುಳ ಐನೂರು. 'ಬಾಯಿ ಮುಚ್ಚಿಸಿದ್ದಾರೆ.' 'ಹಗ್ಗವಂತೆ! ನಮ್ಮ ಕಿವಿಗೆ ಹೂವಾ?' 'ಎಷ್ಟು ತಿಂದೆ?' ಗಣಿತದ ಮೇಷ್ಟ್ರು ಬೇರೆ ಪತ್ರಿಕೆಗೆ ಹೋಗಿ, ಹದಿನಾರನೇ ಕಂತು ಬಾರದಿರುವುದೇ ತಮ್ಮ ಲೆಕ್ಕ ಸರಿ ಅನ್ನುವುದಕ್ಕೆ ಸಾಕ್ಷಿ ಅಂದರು. ಅಲ್ಲಿ ಅವರ ಫೋಟೋ ಇನ್ನೂ ದೊಡ್ಡದಾಗಿ ಬಂತು.

ಭಾವ ಈಗ ಮತ್ತೆ ಏಳನೇ ಪುಟ. ನೀರು, ರಸ್ತೆ, ಕರೆಂಟು. ಆದರೆ ಗುರುವಾರ ಆ ಮೂಲೆಯಲ್ಲಿ ಕೊನೆಗೆ ಒಂದು ಸಾಲು ಇರುತ್ತದೆ: 'ಲಿಫ್ಟ್ ಹಗ್ಗ: ಸೊನ್ನೆ.' ಎರಡೂವರೆಗೆ ಗೇಟಿನ ಹತ್ತಿರ ಹೋಗಿ ಮೇಸ್ತ್ರಿಯನ್ನು ಕೇಳಿಕೊಂಡು ಬರುತ್ತಾರೆ. ಯಾವ ಲಿಫ್ಟು ಅಂತ ಓದುಗರಿಗೆ ಗೊತ್ತಿಲ್ಲ. ಸಂಪಾದಕರು ಆ ಪುಟ ಓದುವುದಿಲ್ಲ, ಹಾಗಾಗಿ ಯಾರೂ ತೆಗೆದಿಲ್ಲ.

ಮೇಸ್ತ್ರಿಯೂ ರಿಜಿಸ್ಟರ್ ಬಿಟ್ಟಿಲ್ಲ. ಹೊಸ ಹಗ್ಗ ಹಾಕಿದ ವಾರ ಒಂದು ವಿಡಿಯೋ ಹಾಕಿ ಓನರ್‌ಗೆ ಕಳಿಸಿದರು. ಬಟ್ಟೆ ಮೇಲಿಂದ ಕೆಳತನಕ ಎಲ್ಲೂ ಜಗ್ಗದೆ ಇಳಿಯಿತು. ಗೋಡೆಯಲ್ಲಿ ಸೊನ್ನೆ. ಮೂರು ಸಲ ಟಣ್. ಈ ಸಲ ಓನರ್ ತಕ್ಷಣ ತೆರೆದು ನೋಡಿದನಂತೆ, ಕೆಳಗೆ ಒಂದು ಸಾಲು ಬರೆದೂ ಇದ್ದ. ಮೇಸ್ತ್ರಿಗೆ ಓದಲು ಬರುವುದಿಲ್ಲ, ಭಾವನಿಗೆ ತೋರಿಸಿದರು. ಭಾವ ಓದಿ ಹೇಳಿದರು:

"ಮೊದಲಿನಷ್ಟು ಮಜಾ ಇಲ್ಲ."